ಗೊವಾನಸ್ ಕಾಲುವೆ ಹೂಳು: ಎತ್ತಿಬಿಟ್ಟರೆ ಸಾಕಲ್ವಾ?

ಪ್ರಶ್ನೆ: ನಮ್ಮ ಮನೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಗೊವಾನಸ್ ಕಾಲುವೆ ಪಕ್ಕ. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಡಾಂಬರು ಕಾಯಿಸಿದ ವಾಸನೆ. ಊರಲ್ಲಿ ಅಪ್ಪ ಕೆರೆ ಹೂಳನ್ನು ಗಾಡಿಗಟ್ಟಲೆ ಗದ್ದೆಗೆ ಹೊಡೆಸುತ್ತಿದ್ದರು. ಇಲ್ಲಿ ಕಾಲುವೆ ಹೂಳೆತ್ತಲು ಯಾಕೆ ಇಷ್ಟೊಂದು ರಂಪ?

ಉತ್ತರ: ಅಯ್ಯೋ, ಇದು ಗದ್ದೆಗೆ ಹಾಕುವ ಹೂಳಲ್ಲ ಮಾರಾಯ್ರೆ! ಹಿಂದೆ ಕಲ್ಲಿದ್ದಲಿನಿಂದ ಗ್ಯಾಸ್ ಮಾಡುತ್ತಿದ್ದ ಕಾರ್ಖಾನೆಗಳ ಟಾರು, ಜೊತೆಗೆ ಪಿಸಿಬಿ ಅನ್ನೋ ವಿಷ ರಾಸಾಯನಿಕ, ಸೀಸ, ಪಾದರಸ. ಇಲ್ಲಿಯವರು ಇದನ್ನು ‘ಕಪ್ಪು ಮಯೊನೇಸ್’ ಅಂತಾರೆ. ನೋಡಿದ ಮೇಲೆ ನಾನಂತೂ ಸ್ಯಾಂಡ್‌ವಿಚ್ ಬಿಟ್ಟೆ. 2010ರಲ್ಲಿ ಕಾಲುವೆ ‘ಸೂಪರ್‌ಫಂಡ್’ ಪಟ್ಟಿಗೆ, ಅಂದರೆ ಶುಚಿ ಮಾಡಲೇಬೇಕಾದ ವಿಷಪೂರಿತ ಜಾಗಗಳ ಅಮೆರಿಕ ಸರ್ಕಾರದ ಪಟ್ಟಿಗೆ ಸೇರಿತು. ಪೂರ್ತಿ ಪ್ರಮಾಣದಲ್ಲಿ ಹೂಳೆತ್ತಲು ಶುರುವಾಗಿದ್ದು 2020ರ ನವೆಂಬರ್‌ನಲ್ಲಿ. ಟಾರು ಕೆಳಗಿನ ಹಳೇ ಮಣ್ಣಿಗೂ ಇಳಿದಿದೆ, ಅಷ್ಟನ್ನೂ ಅಗೆಯಲು ಆಗಲ್ಲ. ಅದಕ್ಕೇ ಕೆಲವು ಕಡೆ ಸಿಮೆಂಟ್ ಕಲೆಸಿ ಗಟ್ಟಿ ಮಾಡುತ್ತಾರೆ. ಮೇಲೆ ಎಣ್ಣೆ ಹೀರುವ ಜೇಡಿ, ಇದ್ದಿಲು, ಮರಳು, ಕಲ್ಲು ಹಾಸಿ ಮುಚ್ಚುತ್ತಾರೆ.

ಇನ್ನೊಬ್ಬರು: ಮಳೆ ಜೋರಾದರೆ ಚರಂಡಿ ಉಕ್ಕಿ ಅದೇ ಕಾಲುವೆಗೆ ಬೀಳುತ್ತದೆ, ಅದನ್ನೂ ಹೇಳಿ! ಅದಕ್ಕೆಂದೇ 80 ಲಕ್ಷ ಮತ್ತು 40 ಲಕ್ಷ ಗ್ಯಾಲನ್‌ನ ಎರಡು ಟ್ಯಾಂಕ್‌ಗಳ ಯೋಜನೆ. ಅವಿಲ್ಲದಿದ್ದರೆ ಮುಚ್ಚಿದ್ದರ ಮೇಲೆ ಮತ್ತೆ ಹೊಲಸು.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. ‘ಕಿಟಕಿ ಮುಚ್ಕೊಂಡಿರು’ ಅಂದರು.