ತಳ್ಳಿಕೊಂಡು ನಡೆಸುವ ಪೆಟ್ರೋಲ್ ಲೀಫ್ ಬ್ಲೋವರ್: ಜೋಡಣೆಯ ಬಗ್ಗೆ

ಪ್ರಶ್ನೆ: ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ನಮ್ಮ ಮನೆಯ ವಿಶಾಲವಾದ ಅಂಗಳದಲ್ಲಿ ಅಕ್ಟೋಬರ್ ಬಂತೆಂದರೆ ಓಕ್, ಮೇಪಲ್ ಎಲೆಗಳು ರಾಶಿಯಾಗಿ ಬೀಳುವುದರಿಂದ ಅವನ್ನು ಗಾಳಿಯಿಂದ ಊದಿ ಸರಿಸುವ ಇಂತಹ ಬ್ಲೋವರ್ ಕೊಳ್ಳಬೇಕೆಂದಿದ್ದೇನೆ. ಜೋಡಿಸುವಾಗ ಯಾವುದಕ್ಕೆ ಗಮನ ಕೊಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಹಿಡಿಕೆಯ ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಕೂರಿಸಿ, ನೇರವಾಗಿದೆಯೆಂದು ನೋಡಿದ ಬಳಿಕ ಬಿಗಿಗೊಳಿಸಿ. ಅದಕ್ಕಿಂತ ಮುಖ್ಯವಾದುದು ಆಯಿಲ್. ಈ ನಾಲ್ಕು ಸ್ಟ್ರೋಕ್ ಎಂಜಿನ್ನುಗಳು ಸಾಮಾನ್ಯವಾಗಿ ಆಯಿಲ್ ಇಲ್ಲದೆಯೇ ಬರುತ್ತವೆ. ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಟ್ಟು, ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನು ಗುರುತಿನವರೆಗೆ ತುಂಬದೆ ಸ್ಟಾರ್ಟ್ ಮಾಡಿದರೆ ಹೊಸ ಎಂಜಿನ್ ಅಲ್ಲಿಯೇ ಕೆಟ್ಟುಹೋಗಬಹುದು.

ಇನ್ನೊಂದು ಉತ್ತರ: ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಡಿ, ಪೆಟ್ರೋಲಿನಲ್ಲಿ ಎಥನಾಲ್ ಶೇ. 10ಕ್ಕಿಂತ ಹೆಚ್ಚಿರಬಾರದು. ಕೊಳ್ಳುವ ಮುನ್ನ ನಿಮ್ಮ ಊರಿನ ನಿಯಮವನ್ನೂ ವಿಚಾರಿಸಿ, ಏಕೆಂದರೆ ವಾಷಿಂಗ್ಟನ್ ಡಿ.ಸಿ.ಯಲ್ಲಿ 2022ರಿಂದ ಪೆಟ್ರೋಲ್ ಬ್ಲೋವರುಗಳ ಬಳಕೆಗೆ ನಿಷೇಧವಿದೆ.