ಮಳೆಗಾಲದಲ್ಲಿ ಚಿಕ್ಕ ಮಕ್ಕಳಿಗೆ ಯೋಗ, ಧ್ಯಾನ ಶುರು ಮಾಡಿಸೋದು ಹೇಗೆ?

ಮಡಿಕೇರಿ ಅಮ್ಮ:
ಜೂನ್ ಬಂತಂದ್ರೆ ನಮ್ಮ ಕಡೆ ಗೊತ್ತಲ್ಲ, ಬಟ್ಟೆ ಒಣಗಲ್ಲ, ಕರೆಂಟ್ ಇರಲ್ಲ, ಮಕ್ಕಳನ್ನ ತೋಟಕ್ಕೆ ಬಿಟ್ರೆ ಕಾಲಿಗೆ ಜಿಗಣೆ. ಮಗನಿಗೆ 5, ಮಗಳಿಗೆ 8, ಇಡೀ ದಿನ ಸೋಫಾ ಮೇಲಿಂದ ಹಾರೋದು ಇಲ್ಲಾಂದ್ರೆ ಮೊಬೈಲ್. ಧ್ಯಾನ ಮಾಡ್ಲಿ ಅಂತ ಕಣ್ಣು ಮುಚ್ಚಿ ಕೂರಿಸಿದ್ರೆ ಎರಡೇ ನಿಮಿಷಕ್ಕೆ ಚಿವುಟಾಟ, ಅಳು. ಪ್ರಾಣಾಯಾಮ ಮಾಡಿಸಬಹುದಾ ಈ ವಯಸ್ಸಿಗೆ?

ಕುಶಾಲನಗರ ಯೋಗ ಟೀಚರ್:
ಮೇಡಂ, ಕೂರಿಸೋದ್ರಿಂದ ಶುರು ಮಾಡಿದ್ದೇ ಎಡವಟ್ಟು. ಮೊದ್ಲು ಮೈ ದಣೀಲಿ. ಮಾರ್ಜಾಲಾಸನದಲ್ಲಿ ಮಿಯಾಂವ್ ಅನ್ಲಿ, ಭುಜಂಗಾಸನದಲ್ಲಿ ಬುಸ್ ಅನ್ಲಿ, ಒಂಟಿಕಾಲಲ್ಲಿ ನಿಲ್ಲೋ ವೃಕ್ಷಾಸನದಲ್ಲಿ ಯಾರು ಮೊದ್ಲು ಅಲ್ಲಾಡ್ತಾರೆ ನೋಡಿ, ಬಿದ್ರೆ ನಗ್ಲಿ ಬಿಡಿ. ಹತ್ತು ನಿಮಿಷ ಸಾಕು, ಊಟ ಆಗಿ ಎರಡು ಮೂರು ಗಂಟೆ ಆದ್ಮೇಲೆ. ಉಸಿರು ಬಿಗಿ ಹಿಡಿಯೋ ಕುಂಭಕ, ರಭಸವಾಗಿ ಉಸಿರಾಡೋ ಕಪಾಲಭಾತಿ, ಭಸ್ತ್ರಿಕಾ ಬೇಡವೇ ಬೇಡ, ಶೀರ್ಷಾಸನನೂ ಬೇಡ, ಕತ್ತು ಇನ್ನೂ ಎಳೇದು. ಭ್ರಾಮರಿ ಓಕೆ, ಜೇನುಹುಳ ಥರ ಹ್ಞೂಂ ಅನ್ನೋದಷ್ಟೇ. ಕೊನೇಲಿ ಅಂಗಾತ ಮಲಗೋ ಶವಾಸನ, ಆದ್ರೆ ಆ ಹೆಸರು ಹೇಳ್ಬೇಡಿ :) ಹೊಟ್ಟೆ ಮೇಲೊಂದು ಗೊಂಬೆ ಇಟ್ಟು ಅದು ಹೇಗೆ ಮೇಲೆ ಕೆಳಗೆ ಆಗುತ್ತೆ ನೋಡು ಅನ್ನಿ, ಅದೇ ಅವರ ಪ್ರಾಣಾಯಾಮ.

ಪೊನ್ನಂಪೇಟೆ ತಾತ:
ನನ್ ಕೇಳಿದ್ರೆ ಹಾಕಿ ಸ್ಟಿಕ್ ಕೊಟ್ಟು ಬಿಡಮ್ಮ ಅಂತಿದ್ದೆ, ಆದ್ರೆ ಈ ಮಳೇಲಿ ಗ್ರೌಂಡ್ ಎಲ್ಲಿದೆ. ಮಕ್ಕಳ ಯೋಗ ಅಂದ್ರೆ ಸುಮ್ನೆ ಕೂರೋದು ಅಂತ ಯಾರು ಹೇಳಿದ್ರೋ, ಯೋಗ ಗುರು ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರು ಜಗನ್ಮೋಹನ ಅರಮನೇಲಿ ಹುಡುಗರಿಗೆ ಕಲಿಸ್ತಿದ್ದಿದ್ದೂ ಹಾರೋದು, ಬಗ್ಗೋದೇ ಜಾಸ್ತಿ.

ಸೋಮವಾರಪೇಟೆ ಅಪ್ಪ:
ಧ್ಯಾನಕ್ಕೆ ನಮ್ಮನೇಲಿ ಮಳೇನೇ ಮೇಷ್ಟ್ರು. ರಾತ್ರಿ ಕರೆಂಟ್ ಹೋದಾಗ ಮಲಗಿಸ್ಕೊಂಡು ಎಷ್ಟು ಥರ ಸದ್ದು ಕೇಳುತ್ತೆ ಎಣಿಸು ಅಂತೀನಿ. ಶೀಟ್ ಮೇಲಿಂದು ಬೇರೆ, ಬಾಳೆ ಎಲೆ ಮೇಲಿಂದು ಬೇರೆ, ಆಮೇಲೆ ಕಪ್ಪೆ. ಮಗಳು ಆರು ಎಣಿಸೋದ್ರೊಳಗೆ ನಿದ್ದೆ, ನಾನು ಮೂರಕ್ಕೇ. ಒಂದು ಮಾತು, ನಾವು ಮೊಬೈಲ್ ಹಿಡ್ಕೊಂಡು ನೀನು ಮಾಡು ಅಂದ್ರೆ ಅವು ಮಾಡಲ್ಲ.

ಮಡಿಕೇರಿ ಅಮ್ಮ:
ನಿನ್ನೆ ಸಂಜೆ ನಾನೂ ಸೇರ್ಕೊಂಡೆ, ನನ್ ಬೆನ್ನೇ ಬಗ್ಗಲ್ಲ ಅಂತ ಇಬ್ರೂ ನಕ್ಕಿದ್ದೇ ನಕ್ಕಿದ್ದು. ಮಗ ಹೊಟ್ಟೆ ಮೇಲೆ ಬಟ್ಟೆ ಆನೆ ಇಟ್ಕೊಂಡು ಸುಮಾರು ಹೊತ್ತು ಗಪ್‌ಚುಪ್ ಮಲಗಿದ್ದ, ಅಷ್ಟರಲ್ಲಿ ನಾಯಿ ಬಂದು ಆನೆ ಎತ್ಕೊಂಡು ಓಡ್ತು.