ಇಡೀ ಡಿಸ್ಕಿನ ಇಮೇಜ್ ತೆಗೆದಿಡುವುದು ಹೇಗೆ? ಮಾಡಿ ನೋಡಿದವರು ಹೇಳಿ

ವಿಂಡೋಸ್ ಲ್ಯಾಪ್‌ಟಾಪ್‌ಗೆ ಈಗಿರುವುದಕ್ಕಿಂತ ದೊಡ್ಡ ಎಸ್‌ಎಸ್‌ಡಿ ಹಾಕಬೇಕು. ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡುವ ತಾಳ್ಮೆ ಇಲ್ಲ. ಡಿಸ್ಕ್ ಇಮೇಜ್ (ಫೈಲ್ ರೂಪದಲ್ಲಿ ಡಿಸ್ಕಿನ ಪೂರ್ತಿ ನಕಲು) ತೆಗೆದಿಟ್ಟುಕೊಂಡರೆ ಸಾಕು ಅಂತಾರೆ. ಯಾವ ಟೂಲ್ ವಾಸಿ? ಹಳೇ ಸಿಡಿಗಳ ಐಎಸ್‌ಒ ಫೈಲುಗಳೂ (ಇಡೀ ಸಿಡಿಯ ನಕಲು) ಇವೆ, ಅವನ್ನು ಡ್ರೈವ್ ಥರ ತೆರೆಯಬಹುದಾ?

* * *

ನಾನು ಬಳಸುವುದು ಕ್ಲೋನ್‌ಜಿಲ್ಲಾ. ಉಚಿತ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು, ಬರೀ ಟೆಕ್ಸ್ಟ್ ಮೆನು. ನೋಡಲು ಚೆನ್ನಾಗಿಲ್ಲ, ಆದರೆ ಕೆಲಸ ಗಟ್ಟಿ. ಡಿಸ್ಕಿನಲ್ಲಿ ತುಂಬಿರುವ ಭಾಗವನ್ನು ಮಾತ್ರ ಓದುವುದರಿಂದ ಇಮೇಜ್ ಚಿಕ್ಕದಾಗಿರುತ್ತದೆ.

ಶುರು ಮಾಡುವ ಮೊದಲು ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಡಿಸ್ಕ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಕ್ಲೋನ್‌ಜಿಲ್ಲಾ ಮುಂದೆ ಹೋಗಲು ಒಪ್ಪುವುದಿಲ್ಲ. ಬಿಟ್‌ಲಾಕರ್ (ಡಿಸ್ಕನ್ನು ಲಾಕ್ ಮಾಡುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ಅಂತಲೂ ನೋಡಿ. ಲಾಕ್ ಆಗಿರುವ ಡಿಸ್ಕಿನಲ್ಲಿ ಯಾವುದು ಖಾಲಿ, ಯಾವುದು ಭರ್ತಿ ಅಂತ ಕ್ಲೋನ್‌ಜಿಲ್ಲಾಗೆ ಗೊತ್ತಾಗುವುದಿಲ್ಲ. ಹಾಗಾಗಿ ಇಡೀ ಡಿಸ್ಕನ್ನೇ ನಕಲು ಮಾಡುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಆ ಲಾಕ್ ತೆಗೆಯುವ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ.

ರಿಸ್ಟೋರ್ ಮಾಡುವಾಗ (ಇಮೇಜನ್ನು ಹೊಸ ಡಿಸ್ಕಿಗೆ ಇಳಿಸುವಾಗ) ಎರಡು ಸಲ 'ವೈ' ಒತ್ತಲು ಕೇಳುತ್ತದೆ. ಸುಮ್ನೆ ಒತ್ತಬೇಡಿ. ಡಿಸ್ಕಿನ ಮಾಡೆಲ್ ಹೆಸರು, ಸೈಜ್ ಎರಡನ್ನೂ ಓದಿ. ಹೊಸ ಡಿಸ್ಕ್ ದೊಡ್ಡದಾದ್ದರಿಂದ ಉಳಿದ ಜಾಗ ಖಾಲಿ ಬಿದ್ದಿರುತ್ತದೆ. ಅದನ್ನು ಸಿ ಡ್ರೈವ್‌ಗೆ ಸೇರಿಸಲು ಹೋದರೆ ವಿಂಡೋಸ್‌ನ 'ಎಕ್ಸ್‌ಟೆಂಡ್ ವಾಲ್ಯೂಮ್' ಆಯ್ಕೆ ಮಸುಕಾಗಿ ಕೂತಿರುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ನಡುವೆ ಒಂದು ಚಿಕ್ಕ ರಿಕವರಿ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಅಡ್ಡ ಇರುತ್ತದೆ, ಅದಕ್ಕೇ ಹಾಗೆ. ಜಿಪಾರ್ಟೆಡ್ ಅನ್ನುವ ಪಾರ್ಟಿಷನ್ ಟೂಲ್‌ನಲ್ಲಿ ಅದನ್ನು ಕೊನೆಗೆ ಸರಿಸಿದರೆ ಆಯಿತು.

* * *

ಟೆಕ್ಸ್ಟ್ ಮೆನು ಕಂಡರೆ ಆಗದವರಿಗೆ ವಿಂಡೋಸ್ ಒಳಗಿಂದಲೇ ಇಮೇಜ್ ತೆಗೆಯುವ ಟೂಲ್‌ಗಳಿವೆ. ಕೆಲಸ ಮಾಡುತ್ತಿರುವಾಗಲೇ ಡಿಸ್ಕಿನ ಆ ಕ್ಷಣದ ಸ್ನ್ಯಾಪ್‌ಶಾಟ್ ಹಿಡಿದು ನಕಲು ಮಾಡುತ್ತವೆ. ಹಳೇ ಸಲಹೆಗಳಲ್ಲಿ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯ ಹೆಸರೇ ಜಾಸ್ತಿ ಕಾಣುತ್ತದೆ. ಅದರ ಬೆಂಬಲ 2024ರ ಜನವರಿಗೆ ನಿಂತಿದೆ, ಈಗ ಹಾಕಿಕೊಳ್ಳಬೇಡಿ. ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಸಿಗುತ್ತದೆ.

ಯಾವುದನ್ನೇ ಆರಿಸಿಕೊಳ್ಳಿ, ರೆಸ್ಕ್ಯೂ ಪೆನ್‌ಡ್ರೈವ್ (ವಿಂಡೋಸ್ ಏಳದಿದ್ದರೂ ಟೂಲ್ ತೆರೆಯಲು) ಮಾಡಿ ಅದರಿಂದ ಒಮ್ಮೆ ಬೂಟ್ ಮಾಡಿ ನೋಡಿ. ಇಮೇಜ್ ಇಟ್ಟ ಹೊರಗಿನ ಡಿಸ್ಕ್ ಅಲ್ಲಿಂದ ಕಾಣಿಸುತ್ತದಾ? ಇಮೇಜ್ ತೆರೆದು ಒಂದು ಫೋಟೋ ಹೊರತೆಗೆಯಲು ಆಗುತ್ತದಾ? ಇಷ್ಟು ನೋಡದೆ ಹಳೇ ಡಿಸ್ಕಿಗೆ ಕೈ ಹಾಕಬಾರದು. 'ಬ್ಯಾಕಪ್ ಯಶಸ್ವಿ' ಅನ್ನುವ ಹಸಿರು ಟಿಕ್ ಅನ್ನು ನಾನಂತೂ ನಂಬುವುದಿಲ್ಲ.

* * *

ಐಎಸ್‌ಒಗೆ ಏನೂ ಬೇಡ. ವಿಂಡೋಸ್ 8ರಿಂದ ಈಚೆಗೆ ಡಬಲ್ ಕ್ಲಿಕ್ ಮಾಡಿದರೆ ಡ್ರೈವ್ ಆಗಿ ಬರುತ್ತದೆ, ಮುಗಿದ ಮೇಲೆ ಎಜೆಕ್ಟ್ ಮಾಡಿ. ಹಾಡಿನ ಟ್ರ್ಯಾಕ್ ಇರುವ ಹಳೇ ಗೇಮ್ ಸಿಡಿಗಳು ಬಿನ್-ಕ್ಯೂ ರೂಪದಲ್ಲಿದ್ದರೆ (ಇನ್ನೊಂದು ಬಗೆಯ ಸಿಡಿ ನಕಲು) ಮಾತ್ರ ಬೇರೆ ವರ್ಚುವಲ್ ಡ್ರೈವ್ ಟೂಲ್ ಬೇಕು.

* * *

ವರ್ಚುವಲ್ ಡ್ರೈವ್ ವಿಷಯ ಬಂತಲ್ಲ, ವಿಎಚ್‌ಡಿಎಕ್ಸ್ (ವರ್ಚುವಲ್ ಡಿಸ್ಕ್ ಫೈಲು) ಕೂಡ ನೋಡಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಬಹುದು. ಒಂದೇ ಫೈಲು, ತೆರೆದರೆ ಪೂರ್ತಿ ಡ್ರೈವ್. ಒಂದು ಪ್ರಾಜೆಕ್ಟಿನ ಫೈಲುಗಳನ್ನೆಲ್ಲ ಅದರಲ್ಲಿಟ್ಟು ಆ ಒಂದನ್ನೇ ನಕಲು ಮಾಡಿಕೊಳ್ಳುವುದು ನನಗೆ ಸಲೀಸು. ಹಳೇ ವಿಎಚ್‌ಡಿ ಸುಮಾರು 2 ಟಿಬಿಗೆ ನಿಲ್ಲುತ್ತದೆ, ವಿಎಚ್‌ಡಿಎಕ್ಸ್ 64 ಟಿಬಿವರೆಗೆ ಹೋಗುತ್ತದೆ. 'ಡೈನಾಮಿಕ್' ಆರಿಸಿದರೆ ಬೇಕಾದಂತೆ ಬೆಳೆಯುತ್ತದೆ, ಆದರೆ ಒಳಗಿನ ಫೈಲ್ ಅಳಿಸಿದರೆ ತಾನಾಗಿ ಕುಗ್ಗುವುದಿಲ್ಲ. ವಿಂಡೋಸ್‌ನ ಕಮಾಂಡ್ ಟೂಲ್ ಡಿಸ್ಕ್‌ಪಾರ್ಟ್‌ನಲ್ಲಿ ಕಾಂಪ್ಯಾಕ್ಟ್ ಮಾಡಬೇಕು. ಮತ್ತೆ, ಇಂಥ ದೊಡ್ಡ ಫೈಲನ್ನು ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್‌ಗೆ ಹಾಕಲು ಹೋಗಬೇಡಿ, ಅಲ್ಲಿ ಒಂದು ಫೈಲಿಗೆ 4 ಜಿಬಿ ಮಿತಿ.

* * *

ನಿಮ್ಮ ಹಳೇ ಡಿಸ್ಕ್ ಚೆನ್ನಾಗಿದೆ ಅಲ್ವಾ? ಓದುವಾಗ ತಡವರಿಸುತ್ತಿದ್ದರೆ ಮೇಲಿನ ಟೂಲ್‌ಗಳು ಬೇಡ. ಲಿನಕ್ಸ್‌ನ ಡಿಡಿರೆಸ್ಕ್ಯೂ ಮೊದಲು ಚೆನ್ನಾಗಿರುವ ಜಾಗಗಳನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಮ್ಯಾಪ್ ಫೈಲ್ (ಎಲ್ಲಿವರೆಗೆ ಓದಿದೆ ಅನ್ನುವ ದಾಖಲೆ) ಕೊಟ್ಟರೆ ನಡುವೆ ನಿಲ್ಲಿಸಿ ಮುಂದುವರಿಸಬಹುದು.

* * *

ಡಿಸ್ಕ್ ಚೆನ್ನಾಗಿದೆ, ಥ್ಯಾಂಕ್ಸ್. ಕ್ಲೋನ್‌ಜಿಲ್ಲಾ ಹಿಡಿಯುತ್ತೇನೆ. ಎಲ್ಲ ಮುಗಿದ ಮೇಲೆ ಹಳೆಯದನ್ನು ಯುಎಸ್‌ಬಿ ಕೇಸಿಗೆ ಹಾಕಿ ಬಳಸಬಹುದಾ?

* * *

ಬಳಸಿ. ಆದರೆ ಕೆಲವು ದಿನ ಅಳಿಸಬೇಡಿ, ಹೊಸದರಲ್ಲಿ ಎಲ್ಲ ಸರಿ ಇದೆ ಅಂತ ಖಾತ್ರಿಯಾಗಲಿ. ಅಲ್ಲಿವರೆಗೆ ಎರಡನ್ನೂ ಒಟ್ಟಿಗೆ ಸಿಕ್ಕಿಸಬೇಡಿ. ಎರಡು ಡಿಸ್ಕಿನ ಐಡಿಯೂ (ಗುರುತಿನ ಸಂಖ್ಯೆ) ಒಂದೇ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ, ಅಂದರೆ ಬಳಕೆಗೆ ಸಿಗುವುದಿಲ್ಲ.